ಗುಡಿಗೂ ಮಸೀದಿಗೂ ನಡುವಿನ ಓಣಿ

ಓಣಿಯ ಈ ತುದಿಯಲ್ಲಿ ಒಂದು ಲೋಡು ಸೈಜುಗಲ್ಲು, ಆ ತುದಿಯಲ್ಲಿ ಇನ್ನೊಂದು ಲೋಡು. ಇದು ಚೌಡಮ್ಮನ ಗುಡಿಯವರು ತರಿಸಿದ್ದು, ಅದು ಮಸೀದಿಯವರು ತರಿಸಿದ್ದು. ಎರಡೂ ಒಂದೇ ಬಂಡೆಯಿಂದ ಸೀಳಿದ ಕಲ್ಲು, ಸುರಿದು ಹೋದ ಟ್ರ್ಯಾಕ್ಟರೂ ಒಂದೇ. ನಡುವಿನ ಓಣಿಯನ್ನು ತಮ್ಮ ಕಾಂಪೌಂಡಿಗೆ ಸೇರಿಸಿಕೊಂಡು ಗೋಡೆ ಎಬ್ಬಿಸಬೇಕೆಂದು ಇಬ್ಬರಿಗೂ ಹಟ. ಗೆರೆ ಎಳೆದುಕೊಡಬೇಕಾದವಳು ನಾನು, ಸರ್ಕಾರಿ ಭೂಮಾಪಕಿ.

ಊರು ಶಿಡ್ಲಘಟ್ಟ ತಾಲ್ಲೂಕಿನಲ್ಲಿ, ಜಂಗಮಕೋಟೆಯ ಕಡೆ. ಹೆಸರು ಬೇಡ. ಈಗ ಚೆನ್ನಾಗಿರುವ ಊರನ್ನು ಅದರ ಹಳೆಯ ಜಗಳದಿಂದ ಗುರುತಿಸುವುದು ನನಗಿಷ್ಟವಿಲ್ಲ. ಗುಡಿಯ ಪಕ್ಕದ ಗೋಡೆಗೆ ಎದುರಾಗಿ ಮಸೀದಿಯ ಪಕ್ಕದ ಗೋಡೆ, ಮಧ್ಯೆ ಎತ್ತಿನ ಗಾಡಿ ಹೋಗಲಾರದಷ್ಟು ಕಿರಿದಾದ ಓಣಿ. ಶುಕ್ರವಾರ ಮಧ್ಯಾಹ್ನ ಅಮ್ಮನಿಗೆ ಮಹಾಮಂಗಳಾರತಿ. ಅದೇ ಹೊತ್ತಿಗೆ ಮಸೀದಿಯಲ್ಲಿ ಜುಮ್ಮಾ ನಮಾಜು, ಅದಕ್ಕೂ ಮುಂಚೆ ಇಮಾಮರ ಬಯಾನು, ಅಂದರೆ ಉಪದೇಶ. ತಲೆಮಾರುಗಳಿಂದ ಗಂಟೆಯೂ ಬಯಾನೂ ಒಂದರ ಮೇಲೊಂದು ಕೇಳಿಸುತ್ತಲೇ ಬಂದಿದ್ದವು, ಯಾರಿಗೂ ಅದರಿಂದ ಕಿವಿ ನೋವು ಬಂದಿರಲಿಲ್ಲ. ಆಮೇಲೆ ಗುಡಿಯವರು ಒಂದು ಮೈಕು ತಂದರು. ಮಸೀದಿಯವರು ಅದಕ್ಕಿಂತ ದೊಡ್ಡ ಮೈಕು ತಂದರು. ಎರಡೂ ಓಣಿಯ ಕಡೆಗೇ ಬಾಯಿ ತೆರೆದು ಕೂತವು. ಒಂದು ಶುಕ್ರವಾರ ಮಾತಿಗೆ ಮಾತು ಬೆಳೆದು, ಕೈ ಕೈ ಮಿಲಾಯಿಸಿ, ಒಬ್ಬನ ತಲೆಗೆ ಹೊಲಿಗೆ ಬಿತ್ತು, ಊರಿಗೆ ಪೊಲೀಸ್ ವ್ಯಾನು ಬಂತು. ಅದಾದ ಮೇಲೆ ಎರಡೂ ಕಡೆಯವರಿಗೆ ಹೊಳೆದ ಉಪಾಯ ಒಂದೇ: ಓಣಿ ನಮ್ಮದಾಗಬೇಕು, ಅವರು ಇತ್ತ ಸುಳಿಯಬಾರದು.

"ರಂಜಾನ್ ತಿಂಗಳು ಶುರುವಾಗೋದ್ರೊಳಗೆ ಇದು ಮುಗೀಬೇಕಮ್ಮ. ನನಗೆ ಗೆರೆ ಬೇಕು, ಕಥೆ ಬೇಡ" ಎಂದರು ತಹಶೀಲ್ದಾರರು. ನನಗಿಂತ ಮುಂಚೆ ಹೋಗಿದ್ದ ಭೂಮಾಪಕರು ಎರಡು ಸಲವೂ ಬಿಸಿಲು ಜಾಸ್ತಿ ಎಂದು ವಾಪಸು ಬಂದು, ಕೊನೆಗೆ ಸೊಂಟನೋವೆಂದು ರಜೆ ಹಾಕಿದ್ದರು. ಇದೇನು ಮಹಾ ಕೆಲಸ, ನಾನಾದರೆ ಒಂದೇ ಭೇಟಿಯಲ್ಲಿ ಮುಗಿಸಿ ಬರುತ್ತೇನೆ ಎಂದು ಕಚೇರಿಯಲ್ಲಿ ಎಲ್ಲರೆದುರು ಅಂದುಬಿಟ್ಟೆ. ನನ್ನ ಬಾಯಿಯೇ ಹಾಗೆ, ಕೈಗಿಂತ ಮುಂದೆ ಓಡುತ್ತದೆ.

ಹೋದ ದಿನವೇ ರೋವರ್ ಕೈಕೊಟ್ಟಿತು. ಬಯಲಿನಲ್ಲಿ ಉಪಗ್ರಹ ಹಿಡಿದು ನಿಮಿಷದಲ್ಲಿ ಬಿಂದು ಗುರುತಿಸುವ ಯಂತ್ರ ಅದು. ಎತ್ತರದ ಎರಡು ಗೋಡೆಗಳ ಸಂದಿಯಲ್ಲಿ ಆಕಾಶವೇ ಸಾಲದೆ ಪೆಚ್ಚಾಗಿ ನಿಂತಿತು. ಅದನ್ನು ಚೀಲಕ್ಕೆ ಸೇರಿಸಿ ಟೇಪು ಬಿಚ್ಚಿದೆ. ಊರಿನ ಗ್ರಾಮ ಸಹಾಯಕರು ಇನ್ನೊಂದು ತುದಿ ಹಿಡಿದರು. ಹೊಲಗಳಿಗಿರುವಂತೆ ಇಲ್ಲಿಗೆ ಹಳೆಯ ಅಳತೆಯೂ ಇರಲಿಲ್ಲ. ಮನೆಗಳಿರುವ ಜಾಗಕ್ಕೆ, ಅಂದರೆ ಗ್ರಾಮಠಾಣಕ್ಕೆ, ನಕ್ಷೆಯಲ್ಲಿ ಸುತ್ತ ಒಂದು ಗೆರೆ ಎಳೆದು ಒಳಗೆ ಖಾಲಿ ಬಿಟ್ಟಿರುತ್ತಾರೆ. ಕಾಗದ ಬಾಯಿಬಿಡದಿದ್ದಾಗ ಉಳಿಯುವುದು ಊರಿನ ರೂಢಿ. ಸೂರಿನ ನೀರು ಎಲ್ಲಿ ಬೀಳುತ್ತದೋ ಅಲ್ಲಿಯವರೆಗೆ ಕಟ್ಟಡದವರದು ಎಂದು ಆ ಊರಿನಲ್ಲಿ ನಡೆದುಕೊಂಡು ಬಂದಿತ್ತು. ಗುಡಿಗೆ ಹೆಂಚಿನ ಸೂರು, ಮಸೀದಿಗೆ ಕಾಂಕ್ರೀಟಿನ ಸಜ್ಜಾ. ಎರಡರ ಅಂಚಿನಿಂದಲೂ ತೂಗುಗುಂಡು ಇಳಿಬಿಟ್ಟು ನೀರು ಬೀಳುವ ಜಾಗ ಗುರುತಿಸಿದೆ. ಅದನ್ನು ಅವರವರಿಗೆ ಬಿಟ್ಟರೆ ನಡುವೆ ಉಳಿದದ್ದು ಒಂದು ಬೆಕ್ಕು ನಡೆಯುವಷ್ಟು ಜಾಗ.

"ಬೆಕ್ಕಿಗೆ ಯಾಕಮ್ಮ ಬಿಡ್ತೀಯ, ಅದನ್ನೂ ನಮಗೇ ಬರಿ" ಎಂದರು ಗುಡಿ ಸಮಿತಿಯ ಅಧ್ಯಕ್ಷರು. ಹಿಪ್ಪುನೇರಳೆ ತೋಟ, ರೇಷ್ಮೆಹುಳುವಿನ ಮನೆ, ಸೀಮೆಹಸು ಎಲ್ಲ ಇರುವ ದೊಡ್ಡ ಒಕ್ಕಲು ಮನೆತನದವರು. ಊರಿಗೆ ಅವರು ಗೌಡರು.

"ಆ ಬೆಕ್ಕು ನಮ್ಮದು ಮೇಡಂ" ಎಂದರು ಮಸೀದಿಯ ಆಡಳಿತ ನೋಡಿಕೊಳ್ಳುವ ಮುತವಲ್ಲಿ. ಊರಿನಲ್ಲೇ ರೇಷ್ಮೆ ನೂಲು ತೆಗೆಯುವ ಫಿಲೇಚರು ಅವರದು. ಗೌಡರ ಮನೆಯ ಗೂಡು ಶಿಡ್ಲಘಟ್ಟದ ಮಾರುಕಟ್ಟೆಗೆ ಬಂದರೆ ಹೆಚ್ಚಿನ ಸಲ ಹರಾಜಿನಲ್ಲಿ ಕೂಗಿ ಕೊಳ್ಳುವವರು ಇವರೇ. ಅಲ್ಲಿ ಒಟ್ಟಿಗೆ ಟೀ ಕುಡಿಯುವ ಇಬ್ಬರೂ ಇಲ್ಲಿ ಮುಖ ಮುಖ ನೋಡುತ್ತಿರಲಿಲ್ಲ. ಪಕ್ಕಪಕ್ಕದಲ್ಲಿ ನಿಂತು, ಒಬ್ಬರ ಮಾತಿಗೆ ಇನ್ನೊಬ್ಬರು ನನಗೆ ಉತ್ತರ ಕೊಡುತ್ತಿದ್ದರು. ನನಗೆ ನಗು ಬರುತ್ತಿತ್ತು, ಸಿಟ್ಟೂ ಬರುತ್ತಿತ್ತು.

ನಾನು ಬುದ್ಧಿವಂತಿಕೆ ತೋರಿಸಿದೆ. ಓಣಿಯ ಅಗಲವನ್ನು ಅಲ್ಲಲ್ಲಿ ಅಳೆದು, ಅರ್ಧಕ್ಕೆ ಗುರುತು ಹಾಕಿ, ಗೌಡರ ಹುಳುಮನೆಯಿಂದ ತರಿಸಿದ ಸುಣ್ಣದ ಪುಡಿಯಲ್ಲಿ ಉದ್ದಕ್ಕೂ ಒಂದು ಬಿಳಿ ಗೆರೆ ಎಳೆದೆ. ಈಚೆಗಿನದು ಇವರದು, ಆಚೆಗಿನದು ಅವರದು. ಇಬ್ಬರೂ ಮುಖ ಊದಿಸಿಕೊಂಡರು, ಆದರೆ ಇಬ್ಬರೂ ಬೇಡವೆನ್ನಲಿಲ್ಲ. ಶುಕ್ರವಾರ ಬಂದು ಗಡಿಕಲ್ಲು ನೆಡುತ್ತೇನೆಂದು ಹೇಳಿ ಬೀಗುತ್ತಾ ಬಸ್ಸು ಹತ್ತಿದೆ. ಆ ದಿನವಾದರೆ ಎರಡೂ ಕಡೆಯ ಹಿರಿಯರು ಒಟ್ಟಿಗೆ ಸಿಗುತ್ತಾರೆ ಎಂದು ನನ್ನ ಎಣಿಕೆ. ಆ ದಿನ ಓಣಿಯಲ್ಲಿ ಏನು ನಡೆಯುತ್ತದೆ ಎಂದು ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ.

ಶುಕ್ರವಾರ ಮಧ್ಯಾಹ್ನ ಕಲ್ಲು ಹೊತ್ತ ಆಳುಗಳನ್ನು ಕರೆದುಕೊಂಡು ಹೋದರೆ ಓಣಿಯಲ್ಲಿ ಕಾಲಿಡಲು ಜಾಗವಿಲ್ಲ. ಗುಡಿಯ ಗೋಡೆಯಲ್ಲಿ ತಲೆಯ ಮಟ್ಟಕ್ಕೆ ಒಂದು ಕಿಟಕಿ. ಅದರ ಕೆಳಗೆ ಕಾಲೋನಿಯ ದಲಿತ ಕುಟುಂಬಗಳವರು ಸಾಲಾಗಿ ನಿಂತಿದ್ದರು. ಒಳಗಿನಿಂದ ಅರ್ಚಕರು ಉದ್ದ ಹಿಡಿಯ ಉದ್ಧರಣೆ ಚಾಚಿ, ತೀರ್ಥವನ್ನು ಮೇಲಿನಿಂದ ಅವರ ಬೊಗಸೆಗೆ ಬಿಡುತ್ತಿದ್ದರು. ನೀರು ಬೀಳುತ್ತಿತ್ತು, ಕೈಗೆ ಕೈ ತಾಗುತ್ತಿರಲಿಲ್ಲ. ಅವರ ಬೆನ್ನಿಗೇ, ಮಸೀದಿಯ ಕಿಟಕಿಯ ಕೆಳಗೆ, ನೆಲಕ್ಕೆ ಚಾಪೆ ಹಾಸಿಕೊಂಡು ಮುಸ್ಲಿಂ ಹೆಂಗಸರು ಕೂತು ಬಯಾನು ಕೇಳುತ್ತಿದ್ದರು. ಒಳಗೆ ಅವರಿಗೆ ಜಾಗವಿಲ್ಲ. ಈ ಗುಂಪಿನ ಕಾಲು ಆ ಗುಂಪಿನ ಬೆನ್ನಿಗೆ ತಾಗುತ್ತಿತ್ತು. ಎರಡರ ನಡುವೆ ನನ್ನ ಸುಣ್ಣದ ಗೆರೆ ಇರಬೇಕಿತ್ತು. ಅರ್ಧ ಸೀರೆಗಳಿಗೂ ಇನ್ನರ್ಧ ಬುರ್ಖಾಗಳಿಗೂ ಮೆತ್ತಿಕೊಂಡು ಮಾಯವಾಗಿತ್ತು.

ಕಾಲೋನಿಯ ಒಬ್ಬ ಅಜ್ಜಿ ತೀರ್ಥ ತಲೆಗೆ ಸವರಿಕೊಂಡು ಹಿಂದಕ್ಕೆ ತಿರುಗಿ, ತನ್ನ ಮನೆಯ ಜಗುಲಿಯೆಂಬಂತೆ ಆ ಚಾಪೆಯ ಅಂಚಿನಲ್ಲೇ ಕೂತು ಎಲೆಅಡಿಕೆ ಚೀಲ ಬಿಚ್ಚಿತು. ಪಕ್ಕದಲ್ಲಿದ್ದ ಹೆಂಗಸು ಸರಿದು ಜಾಗ ಮಾಡಿಕೊಟ್ಟು, ಅಜ್ಜಿಯಿಂದ ಒಂದು ಎಲೆ ಇಸಿದುಕೊಂಡಳು. ಇಬ್ಬರೂ ಮುತವಲ್ಲಿಯ ಫಿಲೇಚರಿನಲ್ಲಿ ಬಿಸಿನೀರಿನ ತೊಟ್ಟಿಯ ಮುಂದೆ ಅಕ್ಕಪಕ್ಕ ನಿಂತು ಗೂಡು ಬೇಯಿಸುವವರಂತೆ. ಆ ಹೆಂಗಸಿಗೆ ಗಂಡ ಇಲ್ಲ, ದುಡಿದು ಮಕ್ಕಳನ್ನು ಓದಿಸುತ್ತಿದ್ದಾಳೆ. ನಾನು ಅವರ ಪಕ್ಕ ಕುಕ್ಕರಗಾಲಿನಲ್ಲಿ ಕೂತೆ.

"ಇಲ್ಲಿ ಗೋಡೆ ಬರುತ್ತಂತೆ, ಗೊತ್ತಾ ಅಜ್ಜಿ?"

"ಗೆರೆ ಎಳ್ದೋಳು ನೀನೇ ಅಂತಲ್ಲಮ್ಮ."

"ಗೋಡೆ ಬಂದ್ರೆ ನೀವೆಲ್ಲಿ ನಿಲ್ತೀರ?"

"ಏಮೋ ತಲ್ಲೀ, ನಮ್ಮನ್ನ ಕೇಳಿ ಗೆರೆ ಎಳೀತಾರಾ?" ಅರ್ಧ ತೆಲುಗಿನಲ್ಲೇ ಅಂದ ಅಜ್ಜಿ ಎಲೆಗೆ ಸುಣ್ಣ ಹಚ್ಚುತ್ತಾ ಕಿಟಕಿಯತ್ತ ತಲೆ ಎತ್ತಿತು. "ಇಲ್ಲಿಂದ ನೋಡಿದ್ರೆ ಅಮ್ಮನ ಒಂದು ಕಣ್ಣು ಕಾಣ್ತದೆ. ಮದುವೆಯಾಗಿ ಬಂದಾಗಿಂದ ಅದೊಂದೇ ನೋಡಿರೋದು ನಾನು. ಇನ್ನೊಂದು ಹೆಂಗೈತೋ ನನಗ್ಗೊತ್ತಿಲ್ಲ. ಗೋಡೆ ಬಂದ್ರೆ ಇದೂ ಹೋಯ್ತು."

"ನಮ್ದೂ ಅಷ್ಟೇ ಮೇಡಂ" ಎಂದಳು ಪಕ್ಕದವಳು. "ಒಳಗೆ ಫ್ಯಾನಿದೆ, ಕಾರ್ಪೆಟ್ಟಿದೆ. ನಾವು ಧೂಳಲ್ಲಿ. ಮಳೆ ಬಂದ್ರೆ ಬಯಾನ್ ಅರ್ಧಕ್ಕೇ ಬಿಟ್ಟು ಓಡ್ಬೇಕು. ಬೇರೆ ಕಡೆ ಕೆಲವು ಮಸೀದೀಲಿ ಹೆಂಗಸರಿಗೂ ಜಾಗ ಮಾಡವ್ರಂತೆ. ನಮ್ಮೂರಲ್ಲಿ ಕೇಳಿದ್ರೆ, ಜಾಗ ಎಲ್ಲಿದೆ ಅಂತಾರೆ."

ಆಳುಗಳಿಗೆ ಕಲ್ಲು ಕೆಳಗಿಡಿ ಎಂದೆ. ನೇರವಾಗಿ ಅಧ್ಯಕ್ಷರ ಹತ್ತಿರ ಹೋಗಿ, ಜನರನ್ನು ಗುಡಿಯ ಹೊರಗೆ ನಿಲ್ಲಿಸುವುದು ಅಪರಾಧ, ಕೇಸಾಗುತ್ತದೆ, ಗೊತ್ತಿದೆಯಾ ಎಂದು ಕೇಳಿದೆ.

"ಯಾರು ತಡೆದವ್ರೆ? ಅವರೇ ಒಳಗೆ ಬರಲ್ಲ, ಅದು ಹಂಗೇ ನಡ್ಕೊಂಡು ಬಂದಿರೋದು. ಅಷ್ಟು ನ್ಯಾಯ ಮಾತಾಡೋಳು, ಅವರ ಹೆಂಗಸರನ್ನ ಯಾಕೆ ಬೀದೀಲಿ ಕೂರಿಸವ್ರೆ ಅಂತ ಹೋಗಿ ಕೇಳಮ್ಮ."

ಹೋಗಿ ಮುತವಲ್ಲಿಯವರನ್ನು ಕೇಳಿದೆ. "ನಮ್ಮಲ್ಲಿ ಹೆಂಗಸರು ಮನೇಲೇ ನಮಾಜ್ ಮಾಡೋದು ಮೇಡಂ. ನಮ್ದು ಬಿಡಿ. ಆ ಬಡವರನ್ನ ಕಿಟಕೀಲಿ ನಿಲ್ಲಿಸ್ತಾರಲ್ಲ, ಅದು ಸರೀನಾ? ನಮ್ಮ ಮಸೀದೀಲಿ ಎಲ್ಲ ಒಂದೇ ಸಾಲು."

ಒಬ್ಬರ ತಪ್ಪು ಇನ್ನೊಬ್ಬರಿಗೆ ಬಾಯಿಪಾಠವಾಗಿತ್ತು. ತಮ್ಮದನ್ನು ಕೇಳಿದರೆ ಇಬ್ಬರೂ ಬೆರಳನ್ನು ಓಣಿಯ ಆಚೆಗೆ ತೋರಿಸುತ್ತಿದ್ದರು. ಆ ದಿನ ಶಿಡ್ಲಘಟ್ಟಕ್ಕೆ ವಾಪಸು ಹೋಗುವ ಬಸ್ಸಿನಲ್ಲಿ ನನಗೆ ಒಂದು ವಿಷಯ ಸ್ಪಷ್ಟವಾಯಿತು. ನನ್ನ ಗೆರೆ ಸಲೀಸಾಗಿ ಬಂದದ್ದು ಯಾಕೆಂದರೆ ಅದರಿಂದ ಕಳೆದುಕೊಳ್ಳುವವರು ಯಾರೂ ಆ ದಿನ ಅಲ್ಲಿರಲಿಲ್ಲ.

ತಹಶೀಲ್ದಾರರಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಕಿಟಕಿಯ ವಿಷಯಕ್ಕೆ ಕಾನೂನಿನ ಎಚ್ಚರಿಕೆ ತಾವೇ ಕೊಡುವುದಾಗಿ ಹೇಳಿದರು. "ಸರಿ, ಗೆರೆ ಏನಾಯ್ತು?"

"ನೋಟಿಸು ಕೊಟ್ಟಿದ್ದೇ ಸರಿಯಾಗಿಲ್ಲ ಸರ್" ಎಂದೆ. ಗಡಿ ಗುರುತಿಸುವ ಮುಂಚೆ ಆ ಜಾಗವನ್ನು ಬಳಸುತ್ತಿರುವವರಿಗೆಲ್ಲ ತಿಳಿಸಿ, ಅವರ ಮಾತನ್ನು ಕೇಳಬೇಕು. ನಾನು ಎರಡು ಸಮಿತಿಗಳಿಗೆ ಮಾತ್ರ ತಿಳಿಸಿದ್ದೆ. ಓಣಿಯಲ್ಲಿ ನಿಲ್ಲುವ, ಕೂರುವ ಪ್ರತಿಯೊಬ್ಬರಿಗೂ ಹೊಸದಾಗಿ ನೋಟಿಸು ಕೊಡುತ್ತೇನೆ. ಯಾರು, ಯಾವ ಜಾಗವನ್ನು, ಯಾಕೆ ಬಳಸುತ್ತಾರೆಂದು ಊರವರೆದುರು ಅವರ ಬಾಯಿಂದಲೇ ಹೇಳಿಸಿ ಮಹಜರು ಬರೆಯುತ್ತೇನೆ ಎಂದೆ.

"ಅದರಿಂದ ಹೆಚ್ಚುಕಮ್ಮಿ ಆದ್ರೆ?"

"ಗೆರೆ ಎಳೆದ್ರೂ ಆಗುತ್ತೆ ಸರ್. ಗೋಡೆಯ ಆಚೆ ಈಚೆ ಕೂತು ಬೈದಾಡ್ತಾರೆ, ಜೊತೆಗೆ ಇವರಿಗೆ ನಿಲ್ಲೋಕೆ ಜಾಗಾನೂ ಇರಲ್ಲ."

ಅವರು ಪೆನ್ನು ಉರುಳಿಸುತ್ತಾ ಕೂತು ಕೊನೆಗೆ ಒಪ್ಪಿದರು. ಒಬ್ಬ ಕಾನ್‌ಸ್ಟೇಬಲ್ಲನ್ನೂ ಕಳಿಸುವುದಾಗಿ ಹೇಳಿದರು. ಹೆಚ್ಚುಕಮ್ಮಿಯಾದರೆ ವಿವರಣೆ ಕೊಡಬೇಕಾದವಳು ನೀನೇ ಎಂದೂ ಸೇರಿಸಿದರು.

ನೋಟಿಸು ಹಂಚಲು ನಾನೇ ಹೋದೆ. ಕಾಲೋನಿಯಲ್ಲಿ ಅಜ್ಜಿ ಕಾಗದವನ್ನು ತಿರುಗಿಸಿ ಮುರುಗಿಸಿ ನೋಡಿ, "ನನ್ನ ಹೆಸರಿಗಾ? ಗೌಡರ ಹೆಸರಿಗಲ್ವಾ?" ಎಂದು ಮತ್ತೆ ಮತ್ತೆ ಕೇಳಿ, ಅದನ್ನು ಎಲೆಅಡಿಕೆ ಚೀಲದಲ್ಲಿ ಮಡಿಸಿಟ್ಟುಕೊಂಡಿತು. ಫಿಲೇಚರಿನಲ್ಲಿ ಅದರ ಗೆಳತಿ ಒದ್ದೆ ಕೈಯನ್ನು ಒರೆಸಿಕೊಂಡು ಸಹಿ ಹಾಕಿದಳು. ಒಳಗಿನ ಕುರ್ಚಿಯಿಂದ ಮುತವಲ್ಲಿ ನೋಡುತ್ತಲೇ ಇದ್ದರು.

ಮಹಜರಿನ ದಿನ ಗುಡಿಯ ಮುಂದಿನ ಅರಳಿಕಟ್ಟೆಯ ಸುತ್ತ ಊರೇ ಸೇರಿತು. ಮೊದಲು ಅಧ್ಯಕ್ಷರ ಹೇಳಿಕೆ.

"ಓಣಿ ನಮ್ದೇ. ತಾತನ ಕಾಲದಿಂದ ನಮ್ಮ ಜನ ಅಲ್ಲೇ ನಿಂತು ತೀರ್ಥ ತಗೊಳ್ತವ್ರೆ."

"ಯಾವ ಜನ?"

"ಕಾಲೋನಿ ಜನ. ಎಲ್ಲ ನಮ್ಮೋರೇ."

ಆಮೇಲೆ ಮುತವಲ್ಲಿ. "ನಮ್ಮ ಹೆಂಗಸರು ಮೊದಲಿಂದ ಅಲ್ಲೇ ಕೂತು ಬಯಾನ್ ಕೇಳೋದು. ಇನ್ನೇನು ಸಾಕ್ಷಿ ಬೇಕು ಮೇಡಂ?"

ಬರೆದುಕೊಳ್ಳುತ್ತಿದ್ದ ನನ್ನ ಕೈ ನಿಂತಿತು. ಓಣಿ ತಮ್ಮದೆನ್ನಲು ಇಬ್ಬರ ಬಳಿಯೂ ಇದ್ದ ಒಂದೇ ಆಧಾರ, ತಾವು ಒಳಗೆ ಬಿಡದೆ ಹೊರಗೆ ನಿಲ್ಲಿಸಿದ ಜನ. ನಾನು ಅಜ್ಜಿಯನ್ನು ಕರೆದೆ.

ಅಜ್ಜಿ ಸೆರಗು ಹೊದ್ದುಕೊಂಡು ಎದ್ದಿತು. ಮೊದಲಿಗೆ ದನಿ ಸಣ್ಣಗಿತ್ತು. "ನಾನಲ್ಲಿ ನಿಲ್ಲೋದು ನಿಜ. ಯಾಕ್ ನಿಲ್ತೀನಿ ಅಂತಾನೂ ಬರ್ಕೊಳಮ್ಮ. ಒಳಗೆ ಬಿಡಲ್ಲ, ಅದಕ್ಕೆ ನಿಲ್ತೀನಿ." ಆಮೇಲೆ ಗೌಡರ ಕಡೆ ತಿರುಗಿತು. "ಓಣಿ ಬೇಕಾದಾಗ ನಾವು ನಿಮ್ಮೋರು, ತೀರ್ಥ ಕೊಡುವಾಗ ಕಿಟಕೀಯೋರು. ನಾನು ನಿಮ್ಮ ಕಡೆ ಸಾಕ್ಷಿ ಹೇಳಲ್ಲ ಸ್ವಾಮಿ. ನಿಮ್ಮೋರು ಅಂತ ಬರೆಸೋದಾದ್ರೆ ಮುಂದ್ಗಡೆ ಬಾಗ್ಲಲ್ಲಿ ಬರ್ತೀವಿ ಅಂತ ಬರೆಸಿ."

ಗೆಳತಿ ಕರೆಯುವ ಮುಂಚೆಯೇ ಎದ್ದು ನಿಂತಿದ್ದಳು. "ನಂದೂ ಅದೇ. ನಮ್ಮ ಹೆಸರು ಹೇಳಿ ಓಣಿ ಕೇಳ್ಬೇಡಿ. ಒಳಗೆ ಒಂದು ಮೂಲೆ ಕೊಡಿ, ಓಣಿ ನಮಗೆ ಬೇಡ."

ಯಾರೋ ಹಿಂದಿನಿಂದ, ಇವರಿಗೆ ಹೇಳಿಕೊಟ್ಟವರು ಯಾರು ಎಂದು ಕೂಗಿದರು. ಗೌಡರ ಮುಖ ಕೆಂಪಾಗಿತ್ತು. ಕಾನ್‌ಸ್ಟೇಬಲ್ ಲಾಠಿಯನ್ನು ಈ ಕೈಯಿಂದ ಆ ಕೈಗೆ ತಂದುಕೊಂಡರು. ಆಗ ಗುಡಿಯೊಳಗಿನಿಂದ ಅರ್ಚಕರು ಬಂದರು. ಹತ್ತಿರದ ಶಾಲೆಯಲ್ಲಿ ಮೇಷ್ಟರೂ ಆಗಿದ್ದ, ದೊಡ್ಡ ದನಿಯಲ್ಲಿ ಮಾತಾಡಿದ್ದನ್ನು ಯಾರೂ ಕೇಳಿರದ ಮನುಷ್ಯ.

"ಗೌಡ್ರೇ, ಆ ಕಿಟಕಿ ಗಾಳಿಗೆ ಅಂತ ಇಟ್ಟಿದ್ದು. ಅಲ್ಲಿಂದ ತೀರ್ಥ ಬಿಡು ಅಂತ ಯಾವ ಶಾಸ್ತ್ರದಲ್ಲೂ ನಾನು ಓದಿಲ್ಲ. ನಮ್ಮಪ್ಪ ಬಿಟ್ರು, ನಾನೂ ಬಿಟ್ಟೆ. ಪ್ರತಿ ಶುಕ್ರವಾರ ಅದು ಮುಗಿಸಿ ಅಮ್ಮನ ಕಡೆ ತಿರುಗೋಕೆ ನನಗೆ ನಾಚಿಕೆಯಾಗ್ತದೆ. ಇನ್ಮೇಲೆ ಕಿಟಕೀಲಿ ಕೊಡಲ್ಲ. ಎಲ್ಲರೂ ಬಾಗಿಲಿಗೆ ಬರ್ಲಿ, ಎಲ್ಲರಿಗೂ ಒಂದೇ ಕಡೆ ನಿಂತು ಕೈಗೆ ಕೊಡ್ತೀನಿ."

"ಬೇರೆ ಅರ್ಚಕರನ್ನ ತರ್ತೀವಿ" ಎಂದರು ಗೌಡರು.

"ತನ್ನಿ. ಅವರಿಗೂ ಇದನ್ನೇ ಹೇಳ್ಕೊಡ್ತೀನಿ."

ಮುತವಲ್ಲಿ ನಗು ತಡೆಯಲಾರದೆ ಮುಖವನ್ನು ಆಚೆ ತಿರುಗಿಸಿದರು. ಅವರ ಪಕ್ಕದಲ್ಲಿದ್ದ ಇಮಾಮರು, ಇನ್ನೂ ಗಡ್ಡ ಪೂರ್ತಿ ತುಂಬದ ವಯಸ್ಸಿನವರು, "ನಗಬೇಡಿ ಭಾಯಿ, ನಮ್ಮ ಮನೇದು ಬಾಕಿ ಇದೆ" ಎಂದರು. ಆಮೇಲೆ ಎಲ್ಲರಿಗೂ ಕೇಳುವಂತೆ ಕನ್ನಡದಲ್ಲೇ ಹೇಳಿದರು: "ಪ್ರವಾದಿಯವರ ಕಾಲದಲ್ಲಿ ಹೆಂಗಸರು ಮಸೀದಿಗೆ ಬರ್ತಾ ಇದ್ರು. ಇದು ನಾನು ಹೊಸದಾಗಿ ಹೇಳ್ತಿರೋದಲ್ಲ, ನೀವೆಲ್ಲ ಕೇಳಿರೋದೇ. ಜಾಗ ಇಲ್ಲ, ಜಾಗ ಇಲ್ಲ ಅಂತ ಹೇಳಿ ಹೇಳಿ, ನಾವು ಅದನ್ನೇ ಧರ್ಮ ಮಾಡ್ಕೊಂಡ್ವಿ." ನನ್ನ ಕಡೆ ತಿರುಗಿ, "ಮೇಡಂ, ಜಾಗ ಇದೆಯೋ ಇಲ್ಲವೋ ಅಳೆದು ಹೇಳ್ತೀರಾ?" ಎಂದು ಕೇಳಿದರು.

ಕೆಲಸಕ್ಕೆ ಸೇರಿದ ಮೇಲೆ ಅಷ್ಟು ಖುಷಿಯಿಂದ ನಾನು ಟೇಪು ಬಿಚ್ಚಿದ್ದಿಲ್ಲ. ಚಪ್ಪಲಿ ಕಳಚಿ ಒಳಗೆ ಹೋದೆ. ನಮಾಜಿನ ಸಾಲುಗಳ ಹಿಂದೆ, ಹರಿದ ಚಾಪೆ, ಕೆಟ್ಟ ಫ್ಯಾನು, ಹಳೆಯ ಮೈಕಿನ ಡಬ್ಬ ತುಂಬಿಟ್ಟಿದ್ದ ಒಂದು ಉದ್ದನೆಯ ಪಡಸಾಲೆಯಿತ್ತು. ಪಕ್ಕದಲ್ಲಿ ತುಕ್ಕು ಹಿಡಿದ ಬೀಗದ ಒಂದು ಬಾಗಿಲೂ ಇತ್ತು. ಅಳೆದೆ. ಓಣಿಯಲ್ಲಿ ಕೂರುತ್ತಿದ್ದ ಹೆಂಗಸರೆಲ್ಲ ಕೂತು, ಇನ್ನೂ ಅಷ್ಟು ಜನಕ್ಕೆ ಜಾಗ ಉಳಿಯುತ್ತಿತ್ತು. ಹೊರಗೆ ಬಂದು ಅದನ್ನೇ ಗಟ್ಟಿಯಾಗಿ ಹೇಳಿದೆ. ಹೆಂಗಸರ ಕಡೆಯಿಂದ ಒಂದು ಸದ್ದು ಬಂತು, ನಗುವೋ ಅಳುವೋ ತಿಳಿಯಲಿಲ್ಲ.

ಆದರೆ ಅಂದುಕೊಂಡಷ್ಟು ಸುಲಭವಾಗಿ ಏನೂ ಆಗಲಿಲ್ಲ. ಮುಂದಿನ ಶುಕ್ರವಾರ ನಾನು ಹೋದಾಗ ಗುಡಿಯ ಮುಂಬಾಗಿಲಿಗೇ ಬೀಗ. ಗೌಡರ ದಾಯಾದಿಗಳು ಜಡಿದದ್ದು. ಕಾಲೋನಿಯವರು ಮೆಟ್ಟಿಲ ಕೆಳಗೆ ನಿಂತಿದ್ದರು, ಮುಂದೆ ಬರಲೂ ಹಿಂದೆ ಹೋಗಲೂ ಮನಸ್ಸಾಗದೆ. ಅರ್ಚಕರು ಆರತಿ ತಟ್ಟೆ ಹಿಡಿದು ಬಾಗಿಲ ಮುಂದೆ ಕೂತುಬಿಟ್ಟಿದ್ದರು. ಕಿಟಕಿಗೆ ಬನ್ನಿ ಎಂದು ಯಾರೋ ಕರೆದರೆ ಅಜ್ಜಿ ಅಲ್ಲಾಡಲಿಲ್ಲ. ಆ ಕಡೆ ಮಸೀದಿಯಲ್ಲೂ ಅದೇ ಪಾಡು. ಇಮಾಮರು ಪಡಸಾಲೆ ಗುಡಿಸಿಟ್ಟಿದ್ದರೂ, ಪಟ್ಟಣದ ಹಿರಿಯರನ್ನು ಕೇಳದೆ ಬಾಗಿಲು ತೆಗೆಯುವುದಿಲ್ಲವೆಂದು ಮುತವಲ್ಲಿ ಬೀಗದ ಕೈ ಇಟ್ಟುಕೊಂಡಿದ್ದರು. ಎರಡು ಬೀಗಗಳ ನಡುವೆ ಓಣಿ ಬಿಕೋ ಎನ್ನುತ್ತಿತ್ತು. ಹೆಂಗಸರು ಚಾಪೆ ಹಾಸಿರಲಿಲ್ಲ. ಮತ್ತೆ ಧೂಳಿನಲ್ಲಿ ಕೂರುವುದಿಲ್ಲ ಎಂದು ಅವರೂ ಮಸೀದಿಯ ಮುಂದೆಯೇ ನಿಂತಿದ್ದರು. ವಿವರಣೆ ಬರೆಯುವ ಪದಗಳನ್ನು ನಾನು ಮನಸ್ಸಿನಲ್ಲೇ ಹುಡುಕತೊಡಗಿದೆ.

ಗೌಡರು ಬಂದರು. ನಂಟರ ಗುಂಪನ್ನು ನೋಡಿದರು, ಬೀಗ ನೋಡಿದರು, ಕೂತಿದ್ದ ಅರ್ಚಕರನ್ನು ನೋಡಿದರು. ಆರತಿಯ ಹೊತ್ತು ಮೀರುತ್ತಿತ್ತು. ಆ ಮನುಷ್ಯನಿಗೆ ಹಟ ಎಷ್ಟಿತ್ತೋ ಭಕ್ತಿಯೂ ಅಷ್ಟೇ ಇತ್ತು. ಶುಕ್ರವಾರ ಅಮ್ಮನಿಗೆ ಆರತಿಯಾಗದೆ ಅವರು ಊಟ ಮಾಡುವವರಲ್ಲ ಎಂದು ಊರಿಗೆಲ್ಲ ಗೊತ್ತು. ಓಣಿಯ ಆಚೆ ಮುತವಲ್ಲಿ ತಮ್ಮವರೊಂದಿಗೆ ಕೈಕಟ್ಟಿ ನೋಡುತ್ತಿದ್ದರು. ಗೌಡರಿಗೆ ಅದೂ ಕಂಡಿತು.

"ಅಮ್ಮನ ಬಾಗ್ಲಿಗೆ ಬೀಗ ಹಾಕ್ದೋನು ಯಾವನೋ? ಅವರು ನೋಡಿ ನಗ್ತವ್ರೆ. ತೆಗಿಯೋ!" ಎಂದು ಗುಡುಗಿದರು. ದಾಯಾದಿಗಳು ಏನೋ ಗೊಣಗಿದರು. ಗೌಡರು ಕೈ ಚಾಚಿ ಬೀಗದ ಕೈ ಕಿತ್ತುಕೊಂಡು ತಾವೇ ಬೀಗ ತೆಗೆದರು. ಬಾಗಿಲು ಎರಡೂ ಕಡೆಗೆ ತೆರೆದುಕೊಂಡಿತು. ಅವರು ಅಜ್ಜಿಯ ಮುಖ ನೋಡಲಿಲ್ಲ. ನೆಲ ನೋಡುತ್ತಾ, "ಬಾರಮ್ಮ, ಆರತಿಗೆ ಹೊತ್ತಾಯ್ತು" ಎಂದರು, ಅಷ್ಟೇ.

ಅಜ್ಜಿ ಮೆಟ್ಟಿಲು ಹತ್ತಿತು. ಹಿಂದೆ ಕಾಲೋನಿಯವರೆಲ್ಲ ಹತ್ತಿದರು. ಗಂಟೆ ಮೊಳಗಿತು. ಕೆಲವು ಮನೆಯವರು ಆ ದಿನ ಗುಡಿ ಬಿಟ್ಟು ಹೋದದ್ದು ನಿಜ, ಅವರಲ್ಲಿ ಹೆಚ್ಚಿನವರು ಒಬ್ಬೊಬ್ಬರಾಗಿ ವಾಪಸು ಬಂದದ್ದೂ ನಿಜ.

ಓಣಿಯ ಆಚೆ ನಿಂತಿದ್ದ ಮುತವಲ್ಲಿಯ ಮುಖದಲ್ಲಿ ನಗು ಉಳಿದಿರಲಿಲ್ಲ. ಇಮಾಮರು ಬೀಗದ ಕೈಗಾಗಿ ಅವರ ಮುಂದೆ ಅಂಗೈ ಚಾಚಿದರು. ಫಿಲೇಚರಿನ ಆ ಹೆಂಗಸು ಹೇಳಿದಳು: "ಅವರು ತೆಗೆದ್ರು ಸಾಬ್. ನಾವು ಹಿಂದೆ ಬೀಳೋದಾ?" ಮುತವಲ್ಲಿ ಜೇಬಿನಿಂದ ಬೀಗದ ಕೈ ತೆಗೆದರು. ಪಕ್ಕದ ಬಾಗಿಲಿನ ತುಕ್ಕು ಬೀಗ ಮಾತ್ರ ಅದಕ್ಕೆ ಮಣಿಯಲಿಲ್ಲ. ಗೋಡೆ ಕಟ್ಟಲು ತಂದಿದ್ದ ರಾಶಿಯಿಂದ ಒಂದು ಸೈಜುಗಲ್ಲು ಎತ್ತಿ ತಂದು, ಬೀಗ ಒಡೆದವರು ಅವರೇ. ಮೈಕಿಗೆ ಮೈಕು ತಂದ ಊರು ಆ ಮಧ್ಯಾಹ್ನ ಬಾಗಿಲಿಗೆ ಬಾಗಿಲು ತೆಗೆಯಿತು. ನಾನು ಸರ್ಕಾರಿ ನೌಕರಳು, ರಸ್ತೆಯ ಮಧ್ಯೆ ನಿಂತು ಚಪ್ಪಾಳೆ ತಟ್ಟಬಾರದು. ತಟ್ಟಿದೆ.

ಉಳಿದ ಕೆಲಸ ತಾನಾಗಿ ಆಯಿತು. ಓಣಿಯಲ್ಲಿ ಕೇಳುವವರೇ ಇಲ್ಲದ ಮೇಲೆ ಅದಕ್ಕೆ ಮುಖ ಮಾಡಿದ್ದ ಮೈಕುಗಳಿಗೆ ಕೆಲಸವಿರಲಿಲ್ಲ. ಅರ್ಚಕರೂ ಇಮಾಮರೂ ಮಾತಾಡಿಕೊಂಡು ಎರಡನ್ನೂ ಇಳಿಸಿದರು. ಓಣಿ ತಮ್ಮದೆನ್ನಲು ಇದ್ದ ಒಂದೇ ಸಾಕ್ಷಿ ಒಳಗೆ ಹೋಗಿ ಕೂತಿದ್ದರಿಂದ ಎರಡು ಸಮಿತಿಗಳೂ ಅರ್ಜಿ ವಾಪಸು ತೆಗೆದುಕೊಂಡವು. ನಾನು ನಕ್ಷೆಯಲ್ಲಿ ಓಣಿಯನ್ನು ಈ ತುದಿಯಿಂದ ಆ ತುದಿಯವರೆಗೆ ಊರಿನ ದಾರಿ ಎಂದು ಬರೆದೆ. ಗುಡಿಯ ಕಲ್ಲು ವಯಸ್ಸಾದವರು ಹತ್ತಲು ಮುಂಬಾಗಿಲಿಗೆ ಅಗಲವಾದ ಮೆಟ್ಟಿಲಾಯಿತು. ಮಸೀದಿಯ ಕಲ್ಲು ಹೆಂಗಸರು ನಮಾಜಿಗೆ ಮುಂಚೆ ಕೈಕಾಲು ತೊಳೆಯುವ ಕಟ್ಟೆಯಾಯಿತು. "ಗೆರೆ ಎಲ್ಲಮ್ಮ?" ಎಂದು ಕೇಳಿದ ತಹಶೀಲ್ದಾರರಿಗೆ ನಕ್ಷೆ ಕೊಟ್ಟೆ. ನೋಡಿ, ಸಹಿ ಹಾಕಿ, ಟೀ ತರಿಸಿದರು.

ಶಾಂತಿ ಸಭೆಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಇವರು ಅವರಿಗೆ ಬುದ್ಧಿ ಹೇಳುತ್ತಾರೆ, ಅವರು ಇವರಿಗೆ ಹೇಳುತ್ತಾರೆ, ಕೈ ಕುಲುಕಿ ಫೋಟೊ ತೆಗೆಸಿಕೊಳ್ಳುತ್ತಾರೆ. ಆ ಊರಿನಲ್ಲಿ ಹಾಗೆ ಯಾರೂ ಕೈ ಕುಲುಕಲಿಲ್ಲ. ಅವರವರ ಮನೆಯನ್ನು ಅವರವರು ಸರಿಮಾಡಿಕೊಂಡರು, ಬೀದಿ ತಾನಾಗಿ ತಣ್ಣಗಾಯಿತು. ಅದನ್ನು ಕಣ್ಣಾರೆ ಕಂಡೆನೆಂಬ ಹೆಮ್ಮೆ ನನಗೆ ಇವತ್ತಿಗೂ ಇದೆ.

ರಂಜಾನಿನ ಮೊದಲ ಶುಕ್ರವಾರ ಕೆಲಸವಿಲ್ಲದಿದ್ದರೂ ಹೋದೆ. ಮಂಗಳಾರತಿಯ ಹೊತ್ತಿಗೆ ಓಣಿ ಖಾಲಿಯಾಗಿತ್ತು, ಒಂದು ಬೆಕ್ಕು ಮಾತ್ರ ಬಿಸಿಲಿಗೆ ಮೈ ಕಾಯಿಸಿಕೊಳ್ಳುತ್ತಿತ್ತು. ಸ್ವಲ್ಪ ಹೊತ್ತಿಗೆ ಗುಡಿಯ ಕಡೆಯಿಂದ ಅಜ್ಜಿ ಬಂತು, ಮಸೀದಿಯ ಕಡೆಯಿಂದ ಅದರ ಗೆಳತಿ ಬಂದಳು. ಇಬ್ಬರೂ ಹಳೆಯ ಜಾಗದಲ್ಲೇ ಕೂತರು. ಅಜ್ಜಿ ಅಭ್ಯಾಸಬಲದಿಂದ ಚೀಲ ಬಿಚ್ಚಿ, ಗೆಳತಿಯ ಮುಖ ನೋಡಿ, "ನಿಂಗೆ ಉಪವಾಸ ಅಲ್ವಾ, ಹಂಗಾರೆ ನಂಗೂ ಬೇಡ ಬಿಡು" ಎಂದು ಮತ್ತೆ ಕಟ್ಟಿತು. ಒಳಗೆ ನೂಕುನುಗ್ಗಲು, ಸೆಕೆ, ಓಣಿಯ ಗಾಳಿಯೇ ಚೆನ್ನಾಗಿತ್ತು ಎಂದು ಇಬ್ಬರೂ ಪೈಪೋಟಿಯಲ್ಲಿ ದೂರಿದರು. ನಾನು ತಡೆಯಲಾರದೆ ಕೇಳಿಯೇಬಿಟ್ಟೆ.

"ಅಜ್ಜಿ, ಅಮ್ಮನ ಇನ್ನೊಂದು ಕಣ್ಣು ನೋಡಿದ್ಯಾ?"

"ನೋಡ್ದೆ ಕಣಮ್ಮ" ಎಂದಿತು. ಕಣ್ಣು ತುಂಬಿಕೊಂಡಿತ್ತು, ಬಾಯಿ ನಗುತ್ತಿತ್ತು. "ಎರಡೂ ಒಂದೇ ತರ ಅವೆ. ಇಷ್ಟು ವರ್ಷ ಏನೋ ಬಚ್ಚಿಟ್ಟವ್ರೆ ಅನ್ಕೊಂಡಿದ್ದೆ."